ಮೊದಲು ನೂಲು ಹಿಡಿ

ಕೊಯಮತ್ತೂರು ಸಿಂಗಾನಲ್ಲೂರಿನ ಕನ್ನಡದ ಮನೆಯಿಂದ ಹೊರಟು ಎಂ.ಎಫ್.ಎ. ಕೊನೆಯ ವರ್ಷಕ್ಕೆ ಬಂದಿದ್ದೀಯ, ತಂಗೀ. ಸಂತೋಷ. ನೀನು ಕಳಿಸಿದ ಟಿಪ್ಪಣಿ ಓದಿದೆ. ಅಧಿಕಾರ, ಅಸ್ಮಿತೆ, ನಂಬಿಕೆ ಮೂರೂ ಮೊದಲ ಸಾಲಿನಲ್ಲೇ ಬಂದು ಕೂತಿವೆ. ಆದರೆ ಕೈಯಲ್ಲಿ ಏನು ಹಿಡಿದು ಕೆಲಸ ಮಾಡುತ್ತೀ ಅನ್ನುವುದು ಎರಡು ಪುಟ ಮುಗಿದರೂ ಸಿಗಲಿಲ್ಲ. ಪರೀಕ್ಷಕರು ಮೆಚ್ಚಿಯಾರು, ಅವರಿಗೂ ಇವೇ ಮಾತು ರೂಢಿ. ನನಗೆ ಸಾಲದು.

ಶೀಲಾ ಗೌಡರನ್ನು ನೋಡು. ಭದ್ರಾವತಿಯವರು, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜು ಸುತ್ತಿ ಕಲಿತದ್ದು ಚಿತ್ರಕಲೆ. 1992ರ ಕೋಮುಗಲಭೆಯ ಹೊತ್ತಿಗೆ ಅವರು ಸಗಣಿಗೆ ಕೈ ಹಾಕಿದರು. ಪೂಜೆಗೂ ಅದೇ, ಒಲೆಗೂ ಅದೇ. ಬಾಚಿ ಬೆರಣಿ ತಟ್ಟುವವರು ಹೆಂಗಸರು. ನಿನ್ನ ಮೂರೂ ದೊಡ್ಡ ಮಾತು ಅದರೊಳಗೇ ಇವೆ, ಬೋರ್ಡು ಹಾಕಿಕೊಳ್ಳದೆ. ಆಮೇಲೆ 1998ರ 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್'. ಉದ್ದುದ್ದ ನೂಲನ್ನು ಸೂಜಿಗಳಿಗೆ ಪೋಣಿಸಿ, ಕುಂಕುಮ, ಅಂಟು ಸವರಿ ಹಗ್ಗ ಮಾಡಿ ಕೋಣೆಯ ತುಂಬ ಹರಿಬಿಟ್ಟರು. ತುದಿಯಲ್ಲಿ ಸೂಜಿಗಳ ಗೊಂಚಲು. ನೋವು ಎಂದು ವಿವರಿಸುವ ಕೆಲಸವೇ ಉಳಿಯಲಿಲ್ಲ.

ನೂಲು ನಿನಗೆ ಹೊಸದೇ? ನಿಮ್ಮ ಕೊಯಮತ್ತೂರು ಸೀಮೆಯ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಓದುಬರಹ ತಮಿಳು. ಸಿರುಮುಗೈಯ ರೇಷ್ಮೆ, ನೆಗಮಂನ ಹತ್ತಿಸೀರೆ ಈ ಜನರ ಕೈಯಿಂದಲೂ ಬಂದವು. ಆದರೆ ನಿನ್ನ ಕಣ್ಣು ಮೊದಲು ಹೋದದ್ದು ವಿಜಯದಶಮಿಯ ಮೆರವಣಿಗೆಗೆ, ಅವರ ಕುಲದೇವಿ ಚೌಡೇಶ್ವರಿಗೆ ಹರಕೆ ಹೊತ್ತವರು ಮೈಗೆ ಕತ್ತಿ ತಾಗಿಸಿಕೊಳ್ಳುವಲ್ಲಿಗೆ. ಅದರ ಬೆನ್ನು ಹತ್ತಬೇಡ. ರಕ್ತ ಕಂಡರೆ ಕ್ಯಾಮೆರಾಗಳು ತಾವಾಗಿ ಬರುತ್ತವೆ. ನಿನಗೆ ಅಲ್ಲಿ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಅದರ ಬದಲು ಮಗ್ಗದ ಪಕ್ಕ ಕೂತುಕೋ. ಕುಣಿಗೆ ಕಾಲಿಟ್ಟು ಲಾಳಿ ಎಳೆಯುವವನನ್ನು ನೇಕಾರ ಎನ್ನುತ್ತಾರೆ. ರಾಟೆ ತಿರುಗಿಸಿ ಕಂಡಿಕೆ ಸುತ್ತುವವಳನ್ನು ಏನೂ ಅನ್ನುವುದಿಲ್ಲ, ಅದು ಮನೆಗೆಲಸದ ಲೆಕ್ಕ. ಕೂಲಿ ಯಾರ ಕೈಗೆ ಬರುತ್ತೆ, ಸೀರೆ ಮುಗಿದ ಮೇಲೆ ದೇವಿಗೆ ಕಾಯಿ ಒಡೆಯುವವರು ಯಾರು, ಕೇಳು. ಅಧಿಕಾರ ಅಂದರೆ ಇಷ್ಟು ಹತ್ತಿರ. ದೂರದ್ದೂ ಬೇಕಾದರೆ ನಿಮ್ಮೂರಿನ ಆಸುಪಾಸಿನ ಗಿರಣಿಗಳಿವೆ. ಚಿನ್ನಿಯಂಪಾಳ್ಯದ ನಾಲ್ವರು ಗಿರಣಿ ಕಾರ್ಮಿಕರನ್ನು 1946ರ ಜನವರಿ 8ರಂದು ಗಲ್ಲಿಗೇರಿಸಿದ್ದು ನಿನ್ನ ಅಜ್ಜನ ಕಾಲದ ಸಂಗತಿ. ಅದನ್ನು ಹಿಡಿದರೆ ಅದೇ ಒಂದು ಪ್ರದರ್ಶನ. ಎರಡನ್ನೂ ಒಂದೇ ಕೋಣೆಗೆ ತುರುಕಬೇಡ.

ಇನ್ನೊಂದು. ಗುಡಿಯದೇನನ್ನಾದರೂ ಬಳಸುವುದಿದ್ದರೆ ಗ್ಯಾಲರಿಗೆ ಮುಂಚೆ ಗುಡಿಯ ಹಿರಿಯರಿಗೆ ತೋರಿಸು. ಒಪ್ಪಿಗೆಗೆ ಅಂತಲ್ಲ, ಅವರು ಬೇಡ ಅಂದರೂ ನೀನು ಮಾಡಬಹುದು. ಆದರೆ ಅವರು ಯಾಕೆ ಬೇಡ ಅಂದರು ಅನ್ನುವುದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ನಿನ್ನನ್ನೂ ಹೊರಗಿಡಬೇಡ. ಬರೋಡದಲ್ಲಿ ಶಿಲ್ಪ ಕಲಿತ ನಮ್ಮ ಪುಷ್ಪಮಾಲಾ, ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ದಕ್ಷಿಣ ಭಾರತದ ಹೆಂಗಸರ ಫೋಟೋ ಸರಣಿ ಮಾಡಿದಾಗ ರವಿವರ್ಮನ ಲಕ್ಷ್ಮಿಯಾಗಿ ತಾವೇ ವೇಷ ಹಾಕಿ ನಿಂತರು. ಗೇಲಿ ಇದೆ ಅಲ್ಲಿ, ಆದರೆ ಗೇಲಿಗೆ ಒಡ್ಡಿದ್ದು ತಮ್ಮದೇ ಮೈ.

ಟಿಪ್ಪಣಿಯನ್ನು ಸದ್ಯಕ್ಕೆ ಎತ್ತಿಡು, ಕೆಲಸ ಮುಗಿದ ಮೇಲೆ ಬರೆಯೋಣ. ಈ ರಜೆಯಲ್ಲಿ ಯಾರಾದರೂ ಅಜ್ಜಿಯ ಪಕ್ಕ ಕೂತು ಕಂಡಿಕೆ ಸುತ್ತು. ನೂಲು ಹರಿದರೂ ಬಿಸಾಡಬೇಡ. ಫೋಟೋ ಕಳಿಸಬೇಡ, ಆ ನೂಲನ್ನೇ ತಗೊಂಡು ಬಾ.