ಬೀಗ ಯಾವುದಕ್ಕೆ, ಎಲ್ಲಿಯವರೆಗೆ

ಕೊಳಾಲ,
ಕೊರಟಗೆರೆ ತಾಲ್ಲೂಕು

ಪ್ರೀತಿಯ ಪುಟ್ಟಿ,

ಹುಣಸೆ ಬಡಿಯುವ ಕೆಲಸ ಮುಗಿಯುತ್ತಾ ಬಂತು. ನಿಮ್ಮ ದೊಡ್ಡಮ್ಮ ನಿನಗೆಂದು ಬೀಜ ಬಿಡಿಸಿದ ಹಣ್ಣು ತೆಗೆದಿಟ್ಟಿದ್ದಾಳೆ.

ನೀನು ಕಳಿಸಿದ ಪ್ಯಾಚನ್ನು ನಿಧಾನವಾಗಿ ಓದಿದೆ. ಮೊದಲ ಕೆಲಸದಲ್ಲೇ ಫೈಲ್ ಸಿಸ್ಟಮ್ ಕೋಡಿಗೆ ಕೈ ಹಾಕಿದ್ದೀಯ, ನನಗೆ ತುಂಬಾ ಹೆಮ್ಮೆ. ಆದರೆ ಅದನ್ನು ಹಾಗೇ ಸೇರಿಸಬೇಡ. ಒಂದು ಥ್ರೆಡ್ಡಿಗೆ ಹತ್ತು ಮಿಲಿಸೆಕೆಂಡ್ ಸ್ಲೀಪ್ ಹಾಕಿದೆ, ಟೆಸ್ಟ್ ಪಾಸಾಯಿತು ಅಂತ ಬರೆದಿದ್ದೀಯ. ಎರಡು ಥ್ರೆಡ್ಡುಗಳು ಒಂದೇ ಹೊತ್ತಿಗೆ ನುಗ್ಗುವ ರೇಸ್ ಹೋಗಿಲ್ಲ ಮಗಳೆ, ನಿನ್ನ ಲ್ಯಾಪ್‌ಟಾಪಿನಲ್ಲಿ ಕಾಣದ ಹಾಗಾಗಿದೆ ಅಷ್ಟೆ. ಹೆಚ್ಚು ಕೋರುಗಳಿರುವ ಸರ್ವರಿನಲ್ಲಿ, ಡಿಸ್ಕ್ ತಡಮಾಡಿದ ಯಾವುದೋ ಹೊತ್ತಿನಲ್ಲಿ ಅದು ಮತ್ತೆ ಬರುತ್ತದೆ. ಆಗ ಕೆಡುವುದು ಯಾರದೋ ಫೈಲು. ಅವರು ಅದನ್ನು ನಮ್ಮನ್ನು ನಂಬಿ ಇಟ್ಟಿರುತ್ತಾರೆ.

ಈ ತೊಂದರೆಯನ್ನು ಎದುರಿಸಿದ ಕೋಡು ನೀನಿರುವ ಊರಿನಲ್ಲೇ ಬೆಳೆದಿದೆ. ಗ್ಲಸ್ಟರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮಿನ ದೊಡ್ಡ ಪಾಲು ಬರೆದದ್ದು ಬೆಂಗಳೂರಿನಲ್ಲಿ. 2011ರಲ್ಲಿ ಅದನ್ನು ಮಾಡಿದ ಗ್ಲಸ್ಟರ್ ಕಂಪನಿಯನ್ನು ರೆಡ್ ಹ್ಯಾಟ್ ಕೊಂಡ ಮೇಲೂ ಕೆಲಸ ಅಲ್ಲಿ ಮುಂದುವರಿಯಿತು. ಸೋರ್ಸ್ ಕೋಡ್ ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ಎಎಫ್‌ಆರ್ ಎಂಬ ಭಾಗ ಓದು. ಒಂದೇ ಫೈಲಿನ ಪ್ರತಿಗಳನ್ನು ಬೇರೆ ಬೇರೆ ಸರ್ವರುಗಳಲ್ಲಿ ಸರಿಸಮವಾಗಿ ಇಡುವುದು ಅದರ ಕೆಲಸ.

ಎರಡು ಸರ್ವರ್, ಎರಡು ಕ್ಲೈಂಟ್ ಅಂತ ಇಟ್ಟುಕೋ. ಎರಡು ಕ್ಲೈಂಟುಗಳೂ ಒಂದೇ ಡೈರೆಕ್ಟರಿಯಲ್ಲಿ ಒಂದೇ ಹೆಸರಿನ ಫೈಲ್ ಮಾಡಲು ಹೊರಟಿವೆ. ಆ ಹೆಸರು ಇದೆಯಾ ಅಂತ ಎರಡೂ ಕೇಳುತ್ತವೆ, ಇಲ್ಲ ಅನ್ನುವ ಉತ್ತರ ಎರಡಕ್ಕೂ ಬರುತ್ತದೆ. ಮೊದಲ ಸರ್ವರಿಗೆ ಮೊದಲನೆಯ ಕ್ಲೈಂಟಿನ ಕೋರಿಕೆ ಮುಂಚೆ ಮುಟ್ಟುತ್ತದೆ, ಎರಡನೆಯದಕ್ಕೆ ಇನ್ನೊಂದರದು. ಗ್ಲಸ್ಟರಿನಲ್ಲಿ ಪ್ರತಿ ಫೈಲಿಗೂ ಜಿಎಫ್‌ಐಡಿ ಎಂಬ 16 ಬೈಟಿನ ಗುರುತು ಉಂಟು. ಈಗ ಹೆಸರು ಒಂದು, ಗುರುತು ಎರಡು. ಆಮೇಲೆ ಆ ಫೈಲ್ ತೆರೆಯಲು ಹೋದವರಿಗೆ ಇನ್‌ಪುಟ್ ಔಟ್‌ಪುಟ್ ಎರರ್. ಇದನ್ನೇ ಸ್ಪ್ಲಿಟ್ ಬ್ರೈನ್ ಅನ್ನುತ್ತಾರೆ. ಯಾವ ಪ್ರತಿ ಉಳಿಸಬೇಕು ಅಂತ ಎಷ್ಟೋ ಸಲ ಮನುಷ್ಯರೇ ಕೂತು ತೀರ್ಮಾನಿಸಬೇಕಾಗುತ್ತದೆ.

ಅದಕ್ಕೇ ಎಎಫ್‌ಆರ್ ಫೈಲ್ ಮಾಡುವ ಮೊದಲು ಆ ಡೈರೆಕ್ಟರಿಯಲ್ಲಿ ಆ ಹೆಸರಿಗೆ ಎಲ್ಲ ಸರ್ವರುಗಳಲ್ಲೂ ಎಂಟ್ರಿ ಲಾಕ್ ಹಿಡಿಯುತ್ತದೆ. ಒಬ್ಬರು ಮುಗಿಸಿದ ಮೇಲೆ ಬಂದವರಿಗೆ ಎಲ್ಲ ಕಡೆಯೂ ಒಂದೇ ಉತ್ತರ: ಈ ಹೆಸರು ಆಗಲೇ ಇದೆ. ಫೈಲಿನೊಳಗೆ ಬರೆಯುವಾಗ ಆ ಫೈಲಿಗೆ ಐನೋಡ್ ಲಾಕ್ ಹಿಡಿಯುತ್ತದೆ.

ಲಾಕ್ ಹಿಡಿಯುವ ಕ್ರಮವನ್ನೂ ಗಮನಿಸು, ನನಗೆ ಬಹಳ ಇಷ್ಟವಾದ ಭಾಗ ಅದು. ಮೊದಲು ಎಲ್ಲ ಸರ್ವರುಗಳನ್ನೂ ಒಟ್ಟಿಗೆ ಕೇಳುತ್ತದೆ, ಕಾಯದೆ. ಒಂದು ಸಿಗದಿದ್ದರೂ ಸಿಕ್ಕಿದ್ದನ್ನೆಲ್ಲ ಬಿಟ್ಟುಬಿಡುತ್ತದೆ. ಆಮೇಲೆ ಒಂದೊಂದಾಗಿ, ಎಲ್ಲರೂ ಪಾಲಿಸುವ ಅದೇ ಸರದಿಯಲ್ಲಿ, ಕಾದು ಹಿಡಿಯುತ್ತದೆ. ಹಾಗೆ ಮಾಡದಿದ್ದರೆ ಒಬ್ಬರು ಮೊದಲನೆಯದನ್ನು, ಇನ್ನೊಬ್ಬರು ಎರಡನೆಯದನ್ನು ಹಿಡಿದುಕೊಂಡು ಒಬ್ಬರಿಗೊಬ್ಬರು ಕಾಯುತ್ತಾ ಉಳಿಯುತ್ತಾರೆ.

ಹಾಗಂತ ಹೆದರಿ ಎಲ್ಲದಕ್ಕೂ ಸೇರಿಸಿ ಒಂದೇ ದೊಡ್ಡ ಬೀಗ ಹಾಕಬೇಡ. ಲಿನಕ್ಸ್ 1996ರಲ್ಲಿ ಹಾಗೆ ಮಾಡಿತು, ಬಿಗ್ ಕರ್ನಲ್ ಲಾಕ್ ಅಂತ. ಅದು ಪೂರ್ತಿ ಹೋಗಿದ್ದು 2011ರಲ್ಲಿ, 2.6.39ನೇ ಆವೃತ್ತಿಯಲ್ಲಿ. ಅಷ್ಟು ವರ್ಷ ಹಿಡಿದದ್ದಕ್ಕೆ ಮುಖ್ಯ ಕಾರಣ, ಎಷ್ಟೋ ಕಡೆ ಅದು ಏನನ್ನು ಕಾಯುತ್ತಿದೆ ಅಂತ ಯಾರೂ ಬರೆದಿಡಲಿಲ್ಲ. ಥ್ರೆಡ್ ನಿದ್ದೆಗೆ ಹೋದಾಗ ಆ ಲಾಕ್ ತಾನಾಗಿ ಬಿಟ್ಟುಹೋಗುತ್ತಿತ್ತು. ರೈಸರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಅದನ್ನೇ ನೆಚ್ಚಿಕೊಂಡಿತ್ತು. ಅದಕ್ಕೆ ಸ್ವಂತ ಲಾಕ್ ಕೊಡುವಾಗ, ಎಲ್ಲೆಲ್ಲಿ ಬಿಟ್ಟು ಎಲ್ಲೆಲ್ಲಿ ಮತ್ತೆ ಹಿಡಿಯಬೇಕು ಅಂತ ಹುಡುಕಬೇಕಾಯಿತು. ಆದ್ದರಿಂದ ಪ್ರತಿ ಲಾಕಿನ ಮೇಲೂ ಒಂದು ಸಾಲು ಬರಿ: ಇದು ಯಾವ ಡೇಟಾವನ್ನು ಕಾಯುತ್ತದೆ, ಯಾವ ಲಾಕಿನ ನಂತರ ಹಿಡಿಯಬೇಕು.

ಹಿಡಿದಿದ್ದನ್ನು ಬೇಗ ಬಿಡುವುದೂ ಅಷ್ಟೇ ಮುಖ್ಯ. ನಮ್ಮ ಕಡೆ ತಲಪರಿಗೆಯ (ನೆಲದ ಊಟೆಯ) ನೀರಿನ ಸರದಿ ಬಂದವರು ತಮ್ಮ ಹೊಲ ನೆನೆದ ಮೇಲೂ ಕಾಲುವೆ ತಿರುಗಿಸದಿದ್ದರೆ ಕೆಳಗಿನವರ ಪೈರು ಒಣಗುತ್ತದೆ. ನೀನು ಲಾಕ್ ಹಿಡಿದುಕೊಂಡೇ ಲಾಗ್ ಫೈಲಿಗೆ ಬರೆಯುತ್ತಿದ್ದೀಯ. ಅದನ್ನು ಹೊರಗೆ ತೆಗಿ.

ಇನ್ನು ಆ ಸ್ಲೀಪ್. ಅದನ್ನು ಎಸೆಯಬೇಡ, ಜಾಗ ಬದಲಿಸು. ನಿನ್ನ ಕೋಡಿನಲ್ಲಿ ಹೆಸರು ಇದೆಯಾ ಅಂತ ನೋಡುವ ಸಾಲಿಗೂ ಫೈಲ್ ಮಾಡುವ ಸಾಲಿಗೂ ನಡುವೆ ಇಡು. ಅಪರೂಪಕ್ಕೆ ಬೀಳುತ್ತಿದ್ದ ಟೆಸ್ಟ್ ಆಗ ಹೆಚ್ಚುಕಡಿಮೆ ಪ್ರತಿ ಸಲವೂ ಬೀಳುತ್ತದೆ. ಆಮೇಲೆ ಆ ಎರಡು ಸಾಲುಗಳನ್ನೂ ಒಂದೇ ಲಾಕಿನೊಳಗೆ ತಾ. ಸ್ಲೀಪ್ ಇದ್ದೂ ಟೆಸ್ಟ್ ಪಾಸಾಗುತ್ತಾ ಹೋದರೆ ಸ್ಲೀಪ್ ತೆಗೆದು ಪ್ಯಾಚ್ ಕಳಿಸು.

ರಿನೇಮ್ ಭಾಗದಲ್ಲಿ ಮಾತ್ರ ನನಗೆ ಇನ್ನೂ ಆತಂಕವಿದೆ. ನೀನು ಮೂಲ ಡೈರೆಕ್ಟರಿಯನ್ನು ಮೊದಲು, ಸೇರುವ ಡೈರೆಕ್ಟರಿಯನ್ನು ನಂತರ ಲಾಕ್ ಮಾಡುತ್ತೀಯ. ಒಂದೇ ಹೊತ್ತಿಗೆ ಒಬ್ಬರು ಇಲ್ಲಿಂದ ಅಲ್ಲಿಗೆ, ಇನ್ನೊಬ್ಬರು ಅಲ್ಲಿಂದ ಇಲ್ಲಿಗೆ ಫೈಲ್ ಸಾಗಿಸಿದರೆ ಇಬ್ಬರೂ ಸಿಕ್ಕಿಬೀಳುತ್ತಾರೆ. ಒಂದು ಡೈರೆಕ್ಟರಿ ಇನ್ನೊಂದರ ಒಳಗಿದ್ದರೆ ಲಿನಕ್ಸ್ ಹೊರಗಿನದನ್ನೇ ಮೊದಲು ಹಿಡಿಯುತ್ತದೆ. ಕರ್ನಲ್ಲಿನ ದಾಖಲೆಗಳಲ್ಲಿ ಡೈರೆಕ್ಟರಿ ಲಾಕಿಂಗ್ ಪುಟವನ್ನು ಓದಿ, ಯುಗಾದಿಗೆ ಬರುವಾಗ ತಿದ್ದಿದ ಪ್ಯಾಚ್ ತಾ. ಇಬ್ಬರೂ ಕೂತು ನೋಡೋಣ.

ಇಂತು,
ನಿನ್ನ ದೊಡ್ಡಪ್ಪ