ಕುತ್ತಿಗೆಯ ದಣಿವನ್ನು ಅಳೆಯುವುದು ಹೇಗೆ?

ಮಾಕಳಿಯಲ್ಲಿ ತುಮಕೂರು ರಸ್ತೆಯ ಅಕ್ಕಪಕ್ಕದ ಕಾರ್ಖಾನೆ, ಗೋದಾಮುಗಳ ಆಫೀಸಿನಲ್ಲಿ ದಿನವಿಡೀ ಬಿಲ್ಲು, ಸ್ಟಾಕು ನೋಡುವವರು ಸಂಜೆಗೆ "ಕತ್ತು ಹಿಡ್ಕೊಂಡಿದೆ" ಅನ್ನುತ್ತಾರೆ. ಎಷ್ಟು ಎಂದು ಕೇಳಿದರೆ ಉತ್ತರವಿಲ್ಲ. ಒಂದು ನೋಟ್‌ಬುಕ್ಕು, ಮೊಬೈಲು, ಚಾಪೆ, ಜೊತೆಗೊಬ್ಬರು ಇದ್ದರೆ ಉತ್ತರ ಸಿಗುತ್ತದೆ.

ಹಂತ 1: ಹೊತ್ತು ಗೊತ್ತುಮಾಡಿ
ಕೆಲಸಕ್ಕೆ ಕೂರುವ ಮುಂಚೆ ಒಮ್ಮೆ, ಏಳುವಾಗ ಒಮ್ಮೆ ಅಳೆಯಬೇಕು. ನೆಲಮಂಗಲದಿಂದಲೋ ದಾಸರಹಳ್ಳಿಯಿಂದಲೋ ಹೆಲ್ಮೆಟ್ ಹಾಕಿಕೊಂಡು ಗಾಡಿಯಲ್ಲಿ ಬಂದವರ ಕುತ್ತಿಗೆ ಆಗಲೇ ದುಡಿದಿರುತ್ತದೆ. ಕಾಲು ಗಂಟೆ ಸುಧಾರಿಸಿಕೊಳ್ಳಿ. ಜಿಎಸ್‌ಟಿ ರಿಟರ್ನಿನ ಗಡುವಾದ 11, 20ನೇ ತಾರೀಖಿನ ಆಸುಪಾಸಿನ ದಿನಗಳನ್ನು ಬೇರೆಯಾಗಿ ಗುರುತಿಸಿ, ಮಾಮೂಲಿ ದಿನದ ಜೊತೆ ಬೆರೆಸಬೇಡಿ.

ಹಂತ 2: ಅಂಕ ಕೊಡಿ
ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ 0ರಿಂದ 10ರ ಅಳತೆ ಇದಕ್ಕೆ ಸಾಕು. 0 ಅಂದರೆ ಏನೂ ಇಲ್ಲ, 3 ಸಾಧಾರಣ, 5 ಜೋರು, 10 ವಿಪರೀತ. "ನೋವಿದೆಯಾ" ಎಂದಲ್ಲ, "ಎಷ್ಟು ದಣಿದಿದೆ" ಎಂದು ಕೇಳಿಕೊಳ್ಳಿ. ಹಿಂದಿನ ಅಂಕವನ್ನು ಮುಚ್ಚಿಟ್ಟು ಬರೆಯಿರಿ.

ಹಂತ 3: ತಾಳಿಕೆ ನೋಡಿ
ನನ್ನ ಮಟ್ಟಿಗೆ ಇದೇ ಮುಖ್ಯ ಪರೀಕ್ಷೆ. ಈಗಾಗಲೇ ಕತ್ತು ನೋಯುತ್ತಿರುವವರು, ತಲೆಸುತ್ತು ಬರುವವರು ಇದನ್ನು ಮಾಡಬಾರದು.

ಚಾಪೆಯ ಮೇಲೆ ಅಂಗಾತ ಮಲಗಿ ಮಂಡಿ ಮಡಚಿ. ಗದ್ದವನ್ನು ಗಂಟಲ ಕಡೆಗೆ ಎಳೆದುಕೊಂಡು ತಲೆಯನ್ನು ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರ ಎತ್ತಿ. ಜೊತೆಯವರು ತಲೆಯ ಕೆಳಗೆ ಅಂಗೈ ಇಟ್ಟು, ಸ್ಟಾಪ್‌ವಾಚ್ ಒತ್ತಲಿ. ತಲೆ ಇಳಿದು ಅಂಗೈ ಮೇಲೆ ಕೂತರೆ ಅಥವಾ ಗದ್ದ ಮುಂದಕ್ಕೆ ಚಾಚಿದರೆ ಅಲ್ಲಿಗೆ ಲೆಕ್ಕ ಮುಗಿಯಿತು. ಹೊಸಬರು ತಪ್ಪುವುದು ಗದ್ದದಲ್ಲೇ: ತಲೆ ಇನ್ನೂ ಮೇಲಿದೆ ಎಂದು ಎಣಿಸುತ್ತಾ ಹೋಗುತ್ತಾರೆ. ಗದ್ದ ಸಡಿಲಿತು ಎಂದರೆ ಒಳಗಿನ ಸಣ್ಣ ಸ್ನಾಯುಗಳು ಕೈಬಿಟ್ಟು, ಮೇಲಿನ ದೊಡ್ಡ ಸ್ನಾಯುಗಳು ಭಾರ ಹೊತ್ತಿವೆ ಎಂದರ್ಥ.

2005ರ ಒಂದು ಸಣ್ಣ ಅಧ್ಯಯನದಲ್ಲಿ ಕುತ್ತಿಗೆ ನೋವಿಲ್ಲದವರು ಸರಾಸರಿ 39 ಸೆಕೆಂಡ್, ನೋವಿದ್ದವರು 24 ಸೆಕೆಂಡ್ ತಾಳಿದ್ದರು. ಆ ಅಂಕಿಗಳಿಗಿಂತ ನಿಮ್ಮದೇ ಬೆಳಗು-ಸಂಜೆಯ ಅಂತರ ಹೆಚ್ಚು ಹೇಳುತ್ತದೆ. ಆಫೀಸಿನಲ್ಲಿ ಮಲಗುವುದು ಮುಜುಗರವೆನಿಸಿದರೆ, ಮನೆಯಲ್ಲೇ ಹೊರಡುವ ಮುಂಚೆ ಮತ್ತು ಬಂದ ಕೂಡಲೇ ಮಾಡಿ.

ಹಂತ 4: ಪಕ್ಕದಿಂದ ಫೋಟೊ
ಕೆಲಸದಲ್ಲಿ ಮುಳುಗಿದ್ದಾಗ ತೆಗೆಸಿಕೊಳ್ಳಿ. ಕತ್ತು ಬಗ್ಗಿಸಿದರೆ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಕಿವಿಗೆ ಒಂದು ಗೆರೆ ಎಳೆಯಿರಿ. ಆ ಗೆರೆ ನೆಲದ ಕಡೆಗೆ ಬಾಗಿದಷ್ಟೂ ತಲೆ ಮುಂದಕ್ಕೆ ಚಾಚಿದೆ. ಇದು ದಣಿವಿನ ಅಳತೆಯಲ್ಲ, ಕಾರಣದ ಸುಳಿವು.

ಪ್ರಯೋಗಾಲಯದಲ್ಲಾದರೆ ಹೆಗಲ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಸ್ನಾಯುವಿನ ವಿದ್ಯುತ್ ಸಂಕೇತ ದಾಖಲಿಸುತ್ತಾರೆ; ದಣಿದಂತೆಲ್ಲ ಆ ಸಂಕೇತದ ಆವರ್ತನ ಇಳಿಯುತ್ತದೆ.

ತೋಳಿಗೆ ಜೋಮು ಇಳಿಯುತ್ತಿದ್ದರೆ, ಕೈ ಹಿಡಿತ ಸಡಿಲವಾದರೆ, ನಡೆಯುವಾಗ ತೂರಾಡಿದರೆ ಅಳೆಯುತ್ತಾ ಕೂರಬೇಡಿ, ವೈದ್ಯರನ್ನು ಕಾಣಿ.

ಹಂತ 5: ಒಂದನ್ನೇ ಬದಲಿಸಿ
ಒಂದು ವಾರದ ಲೆಕ್ಕ ಕೈಗೆ ಬಂದ ಮೇಲೆ ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ಏರಿಸಿ, ಇನ್ನೊಂದು ವಾರ ಹಾಗೆಯೇ ಅಳೆಯಿರಿ. ಕುರ್ಚಿಯನ್ನು ಅದರ ಮುಂದಿನ ವಾರ ಮುಟ್ಟಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಆರಾಮ ಸಿಕ್ಕಿತೆಂದು ತಿಳಿಯುವುದಿಲ್ಲ.