ಆಡಿ ತಿಂಗಳಲ್ಲಿ ಕರೆಯಿರಿ

ಮಕ್ಕಳೇ, ಓಮಲೂರು ಸುತ್ತಿನ ಮಾಜಿ ಸೈನಿಕರನ್ನೆಲ್ಲ ಒಂದು ದಿನ ಒಂದು ಕಡೆ ಸೇರಿಸಬೇಕೆಂದು ಹೊರಟಿದ್ದೀರಿ. ನಿಮ್ಮ ಅಪ್ಪಂದಿರು, ತಾತಂದಿರು ಪಲ್ಟನ್ನಿನಲ್ಲಿ ಇದ್ದವರು. ಈ ಕೆಲಸ ನಿಮ್ಮದೇ. ಆದರೆ ನೀವು ಬರೆದು ತಂದ ಕಾರ್ಯಕ್ರಮ ಪಟ್ಟಿಯನ್ನು ಎರಡು ಸಲ ಓದಿದೆ. ಉದ್ಘಾಟನೆ ಇದೆ, ಮುಖ್ಯ ಅತಿಥಿ ಇದ್ದಾರೆ, ಭಾಷಣ, ಶಾಲು, ಹಾರ ಎಲ್ಲ ಇದೆ. ಬಂದ ಮುದುಕರು ತಮ್ಮತಮ್ಮಲ್ಲಿ ಕೂತು ಮಾತಾಡುವುದಕ್ಕೆ ಮಾತ್ರ ಹೊತ್ತು ಇಟ್ಟಿಲ್ಲ. ಮೊದಲು ಅದಕ್ಕೆ ಮೂರು ಗಂಟೆ ತೆಗೆದಿಡಿ. ಮಿಕ್ಕದ್ದನ್ನು ಉಳಿದ ಹೊತ್ತಿನಲ್ಲಿ ತುಂಬಿಸಿ. ತುಂಬದಿದ್ದರೆ ಬಿಟ್ಟುಬಿಡಿ.

ದಿನ ಜನವರಿ 14 ಎಂದು ಹಾಕಿದ್ದೀರಿ. ಅದರ ಹಿಂದಿನ ಕಾರಣ ದೊಡ್ಡದು. ಕೊಡಗಿನ ಕಾರ್ಯಪ್ಪನವರು, ನಮ್ಮ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರು, 1953ರಲ್ಲಿ ನಿವೃತ್ತರಾದದ್ದು ಆ ದಿನ. ಅದಕ್ಕೇ ಅದು ಮಾಜಿ ಸೈನಿಕರ ದಿನವಾಯಿತು. ಆದರೆ ನಮ್ಮೂರಲ್ಲಿ ಅಂದು ಪೊಂಗಲ್ ಸಡಗರ. ಭೋಗಿ, ಪೊಂಗಲ್, ಮಾಟ್ಟುಪೊಂಗಲ್ ಮುಗಿಯುವ ತನಕ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ. ಬಸ್ಸಿನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಬಾಂಗ್ಲಾ ಯುದ್ಧ ಗೆದ್ದ ಡಿಸೆಂಬರ್ 16 ಆಗಬಹುದು ಎನ್ನುವವರಿದ್ದಾರೆ. ಆಗ ಮಾರ್ಗಳಿ ಚಳಿ ಶುರುವಾಗುವ ಹೊತ್ತು. 1971ರಲ್ಲಿ ಇಪ್ಪತ್ತು ವರ್ಷದ ಹುಡುಗನಾಗಿದ್ದವನು ಇವತ್ತು ಎಪ್ಪತ್ತೈದರ ಆಸುಪಾಸಿನಲ್ಲಿದ್ದಾನೆ, ಅವನ ಮಂಡಿ ಕೇಳುವುದಿಲ್ಲ. ಅಲ್ಲದೆ ಆಗ ಅರ್ಧ ಜನ ಅಯ್ಯಪ್ಪನ ಮಾಲೆ ಹಾಕಿರುತ್ತಾರೆ.

ನನ್ನ ಮಾತು ಕೇಳುವುದಾದರೆ ಜುಲೈ ಕೊನೆಯ ಭಾನುವಾರ ಇಟ್ಟುಕೊಳ್ಳಿ. 26ಕ್ಕೆ ಕಾರ್ಗಿಲ್ ವಿಜಯದ ದಿನ, ನೆಪಕ್ಕೆ ಅದು ಸಾಕು. ಅದು ಆಡಿ ತಿಂಗಳು, ಮದುವೆ ನಡೆಯುವುದಿಲ್ಲ, ಕಲ್ಯಾಣ ಮಂಟಪಗಳು ಖಾಲಿ ಬಿದ್ದಿರುತ್ತವೆ, ಬಾಡಿಗೆಯಲ್ಲೂ ಮಾತಾಡಬಹುದು. ಆಗಸ್ಟಿಗೆ ಮಾತ್ರ ಎಳೆಯಬೇಡಿ. ಆಗ ಬರುವ ಆಡಿ ಹದಿನೆಂಟರ ಹಬ್ಬಕ್ಕೆ ಜನವೆಲ್ಲ ಮೆಟ್ಟೂರಿನ ಕಡೆ ಹರಿಯುತ್ತದೆ. ನಿಮ್ಮ ಸುತ್ತಿನ ಹಳ್ಳಿಗಳ ಮಾರಿಯಮ್ಮನ ಹಬ್ಬ ಯಾವತ್ತು ಎಂದು ಪೂಜಾರಿಗಳನ್ನು ಕೇಳಿಕೊಂಡೇ ದಿನ ಗೊತ್ತುಮಾಡಿ.

ಜಾಗ ಓಮಲೂರೇ ಸರಿ. ಸೇಲಂನಿಂದ ಧರ್ಮಪುರಿ ಮೇಲೆ ಬೆಂಗಳೂರಿಗೆ ಹೋಗುವ ರೈಲು ಮಾರ್ಗಕ್ಕೆ ಮೆಟ್ಟೂರಿನ ಹಳಿ ಸೇರುವುದು ಇಲ್ಲೇ, ಹೆದ್ದಾರಿ 44 ಹಾದುಹೋಗುವುದೂ ಇಲ್ಲೇ. ಮಂಟಪ ನೋಡುವಾಗ ಚಪ್ಪರ, ಲೈಟು ನೋಡಬೇಡಿ. ಬಾಗಿಲಲ್ಲಿ ಎಷ್ಟು ಮೆಟ್ಟಿಲಿವೆ, ಕುರ್ಚಿಯಂತೆ ಕೂರುವ ಕಕ್ಕಸು ಇದೆಯೇ ನೋಡಿ. ಊಟದ ಹಾಲ್ ಮಾಳಿಗೆಯ ಮೇಲಿದ್ದರೆ ಆ ಮಂಟಪ ಬೇಡ. ಸಂಜೆ ನಾಲ್ಕಕ್ಕೆ ಎಲ್ಲ ಮುಗಿಸಿ. ಧರ್ಮಪುರಿ, ಪೆನ್ನಾಗರದವರು ಕತ್ತಲಾಗುವ ಮುಂಚೆ ತೊಪ್ಪೂರು ಘಾಟಿ ದಾಟಬೇಕು. ಅಲ್ಲಿ ಲಾರಿಗಳು ಉರುಳುವುದನ್ನು ನೀವೇ ನೋಡಿದ್ದೀರಿ.

ಜನರನ್ನು ಹುಡುಕುವುದೇ ಕಷ್ಟದ ಕೆಲಸ. ಸೇಲಂ, ಧರ್ಮಪುರಿಯ ಮಾಜಿ ಸೈನಿಕರ ಕಲ್ಯಾಣ ಕಚೇರಿಗೆ ಹೋಗಿ ಕಾಗದ ಕೊಡಿ, ಬೋರ್ಡಿಗೆ ಹಾಕಿಸಿ. ಅದಕ್ಕಿಂತ ಮಿಲಿಟರಿ ಕ್ಯಾಂಟೀನಿನ ಸಾಲು, ಮಾಜಿ ಸೈನಿಕರ ಇಸಿಎಚ್‌ಎಸ್ ಆಸ್ಪತ್ರೆಯ ಮಾತ್ರೆ ಕೊಡುವ ಕಿಟಕಿ, ಇವೆರಡು ಕಡೆ ಒಂದು ವಾರ ನಿಲ್ಲಿ. ಒಬ್ಬ ಸಿಕ್ಕರೆ ಅವನ ಬಾಯಿಂದ ಇನ್ನು ನಾಲ್ವರ ಊರು ಬರುತ್ತದೆ. ನಮ್ಮವರಲ್ಲಿ ಬಹಳ ಮಂದಿ ಮನೆಯಲ್ಲಿ ಕನ್ನಡ ಆಡುತ್ತಾರೆ, ಓದುಬರಹ ತಮಿಳು. ಹಾಗಾಗಿ ಕಾರ್ಡು ತಮಿಳಿನಲ್ಲೂ ಅಚ್ಚಾಗಲಿ. ಫೋನಿನಲ್ಲಿ ಕರೆಯುವಾಗ ಮಾತ್ರ ಅವರ ಮನೆಮಾತಿನಲ್ಲೇ ಕರೆಯಿರಿ. ಪೆನ್ಷನ್ ನಂಬರು, ಆಧಾರ್ ಏನನ್ನೂ ವಾಟ್ಸಾಪ್ ಗುಂಪಿಗೆ ಹಾಕಿಸಬೇಡಿ. ಪೆನ್ಷನ್‌ದಾರರಿಗೆ ಫೋನು ಮಾಡಿ ಓಟಿಪಿ ಕೇಳುವ ಕಳ್ಳರಿಗೆ ಅಂಥ ಪಟ್ಟಿ ಸಿಕ್ಕರೆ ಸಾಕು.

ಕೂರಿಸುವಾಗ ರ‍್ಯಾಂಕ್ ನೋಡಬೇಡಿ, ಯೂನಿಟ್ ನೋಡಿ. ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿ ತರಬೇತಿ ಪಡೆದ ಮದ್ರಾಸ್ ಸ್ಯಾಪರ್ಸ್ ಒಂದು ಕಡೆ. 1780ರಿಂದ ನಡೆದುಬಂದ ಪಡೆ ಅದು, ತಂಬಿಗಳೆಂದೇ ಕರೆಸಿಕೊಳ್ಳುವ ಅದರ ಸೈನಿಕರಿಗೆ ಅದರ ಮಾತು ಎಷ್ಟಾಡಿದರೂ ಸಾಲದು. ವೆಲ್ಲಿಂಗ್ಟನ್ನಿನಿಂದ ಹೊರಟ ಮದ್ರಾಸ್ ರೆಜಿಮೆಂಟಿನವರು ಇನ್ನೊಂದು ಕಡೆ. ಸಿಪಾಯಿ ಸುಬೇದಾರ್ ಸಾಬರನ್ನು ಕಂಡು ತಾನಾಗಿ ಎದ್ದು ಸಲ್ಯೂಟ್ ಹೊಡೆದರೆ ಹೊಡೆಯಲಿ, ನೀವು ಮೈಕಿನಲ್ಲಿ ಹೇಳಿ ಮಾಡಿಸಬೇಡಿ. ಯಾರು ಎಷ್ಟು ಚಂದಾ ಕೊಟ್ಟರೆಂದೂ ಓದಬೇಡಿ. ಸಿಪಾಯಿಯ ಪೆನ್ಷನ್ನೂ ಸುಬೇದಾರರ ಪೆನ್ಷನ್ನೂ ಒಂದೇ ಅಲ್ಲ.

ಇನ್ನೊಂದು ವಿಷಯ ಮನಸ್ಸಿನಲ್ಲಿಡಿ. 1987ರಿಂದ 1990ರವರೆಗೆ ಶಾಂತಿಪಾಲನಾ ಪಡೆಯಲ್ಲಿ ಶ್ರೀಲಂಕಾಕ್ಕೆ ಹೋಗಿಬಂದವರು ಬರುತ್ತಾರೆ. ಅಲ್ಲಿ ಸುಮಾರು 1,200 ಮಂದಿ ನಮ್ಮ ಸೈನಿಕರು ಸತ್ತರು. ತಮಿಳು ಬಲ್ಲ ನಮ್ಮ ಕಡೆಯ ಹುಡುಗರಿಗೆ ಆ ಯುದ್ಧ ಎರಡು ಪಟ್ಟು ಭಾರವಾಗಿತ್ತು. ಎದುರಿಗಿದ್ದ ಮನೆಯೊಳಗಿಂದ ಬರುವ ಅಳು ಅವರಿಗೆ ಅರ್ಥವಾಗುತ್ತಿತ್ತು. ಕೊನೆಯ ತುಕಡಿಗಳು 1990ರ ಮಾರ್ಚಿನಲ್ಲಿ ಮದ್ರಾಸು ಬಂದರಿಗೆ ಬಂದಿಳಿದಾಗ ರಾಜ್ಯದ ಮುಖ್ಯಮಂತ್ರಿ ಸ್ವಾಗತಕ್ಕೆ ಬರಲಿಲ್ಲ. ಕಾರ್ಗಿಲ್‌ನವರಿಗೆ ಹಾರ ಹಾಕುವ ಊರು ಇವರನ್ನು ಇವತ್ತಿಗೂ ಕೇಳುವುದಿಲ್ಲ. ನೀವು ಹೆಸರು ಹಿಡಿದು ಕರೆಯಿರಿ, ಮುಂದಿನ ಸಾಲಿನಲ್ಲಿ ಕೂರಿಸಿ. ಮೊಬೈಲ್ ಹಿಡಿದು ‘ಅಲ್ಲಿ ಏನಾಯಿತು ಹೇಳಿ ತಾತ’ ಎಂದು ಮಾತ್ರ ಕೇಳಬೇಡಿ. ಹೇಳಬೇಕಾದ್ದನ್ನು ಜೊತೆಯಲ್ಲಿದ್ದವನಿಗೆ ಅವರೇ ಹೇಳಿಕೊಳ್ಳುತ್ತಾರೆ. ಆ ಮೂರು ಗಂಟೆ ಬೇಕೆಂದು ನಾನು ಹಟ ಹಿಡಿದಿರುವುದು ಇದಕ್ಕೇ.

ಗತಿಸಿದವರ ಹೆಸರನ್ನು ಒಂದೊಂದಾಗಿ, ಊರಿನ ಸಮೇತ ಓದಿ. ಆ ಮನೆಯ ಹೆಂಗಸರನ್ನು ಬರೀ ಸೀರೆ ಕೊಡಲಿಕ್ಕೆ ಕರೆಯಬೇಡಿ. ಬಾಗಿಲ ಬಳಿ ಒಂದು ಮೇಜು ಹಾಕಿ, ಕಾಗದಪತ್ರ ಗೊತ್ತಿರುವ ಇಬ್ಬರನ್ನು ಕೂರಿಸಿ. ನಮ್ಮ ಕಡೆ ಡಿಸ್ಚಾರ್ಜ್ ಬುಕ್ಕಿನಲ್ಲಿ ಹೆಂಡತಿಯ ಹೆಸರು ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ. ಪಲ್ಟನ್ನಿನ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದುಕೊಂಡದ್ದು ಅದು. ಗಂಡ ಇರುವಾಗಲೇ ರೆಕಾರ್ಡ್ಸ್ ಆಫೀಸಿಗೆ ಬರೆದು, ದಾಖಲೆಯಲ್ಲಿ ಹೆಸರು ತಿದ್ದುವ ಪಾರ್ಟ್ ಟೂ ಆರ್ಡರ್ ಮಾಡಿಸಿದರೆ ಸರಿಹೋಗುತ್ತದೆ. ಅವನು ಹೋದಮೇಲೆ ಫ್ಯಾಮಿಲಿ ಪೆನ್ಷನ್ನಿಗಾಗಿ ಆಕೆ ವರ್ಷಗಟ್ಟಲೆ ಅಲೆಯಬೇಕು. ಪೆನ್ಷನ್ನಿನ ಸ್ಪರ್ಶ್ ಪೋರ್ಟಲ್‌ನಲ್ಲಿ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡುವುದನ್ನೂ ಅಲ್ಲೇ ಹೇಳಿಕೊಡಿ. ಆ ಇಬ್ಬರು ದಿನವೆಲ್ಲ ಮೇಜಿನಿಂದ ಏಳಬಾರದು.

ಊಟ ಸಾದಾ ಇರಲಿ, ಸಕ್ಕರೆ ಕಾಯಿಲೆಯವರಿಗೆ ರಾಗಿ ಮುದ್ದೆ ಇರಲಿ. ಕ್ಯಾಂಟೀನ್ ರಮ್ ಮಂಟಪದೊಳಗೆ ಬರಕೂಡದು, ಮನೆಯವರೆಲ್ಲ ಬಂದಿರುತ್ತಾರೆ.

ಮಾರನೆಯ ದಿನವೂ ನಿಮಗೆ ಕೆಲಸ ಇದೆ. ಹಾಸಿಗೆ ಹಿಡಿದು ಬರಲಾಗದವರ ಪಟ್ಟಿ ಮೊದಲೇ ಮಾಡಿಕೊಂಡು, ಇಬ್ಬಿಬ್ಬರಾಗಿ ಹಂಚಿಕೊಂಡು ಅವರ ಮನೆಗಳಿಗೆ ಹೋಗಿ. ಜೊತೆಗೆ ಅವರ ಯೂನಿಟ್ಟಿನವರು ಒಬ್ಬರಿರಲಿ, ನೀವೇ ಹೋದರೆ ಅವರಿಗೆ ಮಾತು ಹೊರಡುವುದಿಲ್ಲ. ಹೋಗುವ ಮುಂಚೆ ಫೋನು ಮಾಡಿ. ಮಧ್ಯಾಹ್ನ ಊಟವಾದ ಮೇಲೆ ಮಲಗಿರುತ್ತಾರೆ, ಹತ್ತು ಗಂಟೆಯೊಳಗೆ ತಲುಪುವ ಹಾಗೆ ಹೊರಡಿ.